ಈ ವರ್ಷ ಆರಿಸಿಕೊಂಡ ತರಬೇತಿ

ಅಪ್ಪಾ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ತೀರಿಹೋದ ಮೇಲೆಯೇ ನಿನ್ನೊಂದಿಗೆ ಹೆದರದೆ ಮಾತಾಡಲು ನನಗೆ ಸಾಧ್ಯವಾಗಿದ್ದು.

ಇವತ್ತು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವನೊಬ್ಬ ನನ್ನ ಕುತ್ತಿಗೆ ಹಿಸುಕಿದ. ಹೆಂಡತಿಯ ದವಡೆ ಮುರಿದಿದ್ದ ಲಾರಿ ಡ್ರೈವರ್. "ನಿಮ್ಮ ಹೆಂಡತಿ ಇನ್ನು ವಾಪಸ್ ಬರಲ್ಲ ಅಂದಿದ್ದಾರೆ" ಎಂದೆ, ಅಷ್ಟೇ. ಕುರ್ಚಿ ಎತ್ತಿ ಕಿಟಕಿಗೆ ಬೀಸಿದ. ಗಾಜು ಚೂರಾಗಿ ಬೀಳುವಷ್ಟರಲ್ಲಿ ನನ್ನನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಕಣ್ಣಿಗೆ ಕತ್ತಲು ಕವಿಯಿತು. ಕಾವಲುಗಾರ ಓಡಿಬಂದು ಅವನನ್ನು ಎಳೆದು ಕೆಡವಿದ. ಬಿದ್ದವನು ತನ್ನ ಕೈಗಳನ್ನೇ ನೋಡುತ್ತಾ, "ಇದನ್ನ ನಿಲ್ಸೋದು ಹೇಗೆ ಅಂತ ಯಾರೂ ಹೇಳಿಕೊಡಲ್ವಾ?" ಎಂದು ಗೋಳೋ ಎಂದು ಅತ್ತ. ನನಗೂ ಗೊತ್ತಿರಲಿಲ್ಲ.

ಸಂಜೆ ನಮ್ಮ ಮೇಲ್ವಿಚಾರಕಿ ನನ್ನ ಕುತ್ತಿಗೆಗೆ ಐಸ್ ಒತ್ತುತ್ತಾ, "ಈ ವರ್ಷದ ತರಬೇತಿ ಆರಿಸ್ಬೇಕಲ್ಲ, ಧ್ಯಾನದ್ದು ತಗೊಳ್ಳಿ, ಸ್ವಲ್ಪ ಸುಧಾರಿಸ್ಕೊಳ್ಳಿ" ಎಂದರು. ಪ್ರತಿವರ್ಷ ನಾನು ಮಕ್ಕಳಿಗೆ ಸಂಬಂಧಿಸಿದ್ದನ್ನೇ ಆರಿಸುತ್ತಿದ್ದೆ.

"ಮನೇಲಿ ಹೊಡೆಯೋ ಗಂಡಸರ ಜೊತೆ ಕೆಲಸ ಮಾಡೋದು ಕಲಿಸ್ತಾರಲ್ಲ, ಅದಕ್ಕೆ ನನ್ನ ಹೆಸರು ಬರ್ಕೊಳ್ಳಿ."

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಬೈದರು. ಬರೆದುಕೊಂಡರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನೀನು ಮುರಿದ ಅವಳ ಮಣಿಕಟ್ಟು ಇನ್ನೂ ಸೊಟ್ಟಗೇ ಇದೆ. ಅದೇ ಕೈಯಲ್ಲಿ ನನ್ನ ಕುತ್ತಿಗೆಯ ಮೇಲಿನ ಬೆರಳಿನ ಗುರುತುಗಳನ್ನು ಸವರಿದಳು.

"ಅಂಥೋರು ಕಲೀತಾರೇನೇ?"

"ಕೆಲವರು ಕಲೀತಾರಂತಮ್ಮ."

ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, "ನಿಮ್ಮಪ್ಪ ಇದ್ದಾಗಲೂ ಇತ್ತೇನೇ ಹೀಗೆ ಕಲಿಸೋದು?" ಎಂದು ಕೇಳಿದಳು.

ಇತ್ತು, ಅಪ್ಪಾ. ಇರಲಿಲ್ಲ ಎಂದು ಅಮ್ಮನಿಗೆ ಹೇಳಿದೆ.