ಪರದೆಯ ಕೆಳಗಿನ ಎರಡು ಸಾಲು

ಮಾರ್ಚ್ 4
ದೋಣಿಯ ಸಿನಿಮಾ ಮುಗಿಯಿತು. ಯಾವ ದೇಶದ್ದೋ, ಯಾವ ಭಾಷೆಯೋ. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಕೆಳಗೆ ಕನ್ನಡ ಕೂರಿಸುವುದು ನನ್ನ ಪಾಲು. ಹಗಲು ಪ್ರೆಸ್ಸಿನಲ್ಲಿ ಪ್ರೂಫ್, ಸಂಜೆ ಭಾವನ ಸಿಡಿ ಅಂಗಡಿಯ ಹಿಂದಿನ ಕೋಣೆ. ಸಿನಿಮಾದ ಮುದುಕಿ ಅತ್ತರೂ ನನ್ನ ಸಾಲಿನಲ್ಲಿ ಪ್ರಾಸದಲ್ಲೇ ಅಳುತ್ತಾಳೆ — ಚಟ, ಏನು ಮಾಡುವುದು.
'ಸಿನಿಮಾ ಕದ್ದಿದ್ದು ಸಾಲದು ಅಂತ ಕವಿತೆ ಬೇರೆ! ಯಾರು ಓದ್ತಾರೋ ಪುಣ್ಯಾತ್ಮ?' — ಭಾವ.


ಮಾರ್ಚ್ 11
ಅಂಗಡಿಗೆ ಪೊಲೀಸ್ ರೇಡ್. ನಕಲಿ ಡಿಸ್ಕಿಗಾಗಿ ಊರಿಗೆ ಊರನ್ನೇ ಜಾಲಾಡುತ್ತಿದ್ದಾರೆ. ನಾನು ಕೌಂಟರಿನ ಈಚೆ ನಿಂತಿದ್ದೆ.
'ಇವರ್ಯಾರು?'
'ಗಿರಾಕಿ, ಸಾರ್.' ಭಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.
ಇನ್‌ಸ್ಪೆಕ್ಟರಿಗೆ ಖುಷಿಯೋ ಖುಷಿ. 'ಒಳ್ಳೇದೇ ಆಯ್ತು. ಮಹಜರಿಗೆ ಪಂಚರು ಬೇಕಿತ್ತು. ನೀವೇ ಸಾಕ್ಷಿ, ಸೈನ್ ಹಾಕಿ.'
ಹಾಕಿದೆ. ನನ್ನ ಸಹಿಯೂ ನಕಲಿಯಂತೆ ಕಂಡಿತು.
ಜೀಪು ಹತ್ತುವಾಗ ಭಾವ ಕಿವಿಯಲ್ಲಿ: 'ಬರೆದೋನು ನೀನು ಅಂತ ಗೊತ್ತಾದ್ರೆ ಇಬ್ಬರಿಗೂ ಜೈಲು. ನಿಮ್ಮಕ್ಕನ ಮುಖ ನೋಡ್ಕೊಂಡಾದ್ರೂ ಬಾಯಿ ಮುಚ್ಚಿಕೊಂಡಿರು.'

ಮಾರ್ಚ್ 14
ಭಾವನಿಗೆ ಜಾಮೀನಾಗಿದೆ. ದಿನಾ ಠಾಣೆಗೆ ಬಂದು ಬಾಗಿಲ ಹತ್ತಿರ ಕೂರಬೇಕು. ನಾನು ಒಳಗೆ, ಕುರ್ಚಿಯಲ್ಲಿ — ಸಾಕ್ಷಿಗೆ ಮರ್ಯಾದೆ ಉಂಟು. ಹಿಡಿದ ಡಿಸ್ಕನ್ನೆಲ್ಲ ಪಂಚರೆದುರು ಹಾಕಿ ನೋಡಬೇಕಂತೆ, ಒಳಗೇನಿದೆ ಎಂದು ಬರೆಯಬೇಕಂತೆ. 'ಐದೈದು ನಿಮಿಷ ಸಾಕು,' ಎಂದಿದ್ದರು ಇನ್‌ಸ್ಪೆಕ್ಟರ್.
ದೋಣಿಯ ಸಿನಿಮಾ ಹಾಕಿದರು. ಐದು ನಿಮಿಷ ಕಳೆಯಿತು. ಯಾರೂ ಏಳಲಿಲ್ಲ. ಟೈಪಿಸ್ಟಮ್ಮನ ಬೆರಳು ನಿಂತಿತು. ಕಾನ್‌ಸ್ಟೇಬಲ್ ಬಾಯಿಗಿಟ್ಟ ತುತ್ತು ಅಗಿಯಲೇ ಇಲ್ಲ. ಪರದೆಯ ಮೇಲೆ ಮುದುಕ ದೋಣಿಗೆ ಕೈಯಿಟ್ಟ. ಕೆಳಗೆ ನನ್ನ ಸಾಲು:
ಹೋಗುವಾಗ ಬಾಗಿಲು ಹಾಕಬೇಡ,
ಬರುವ ಗಾಳಿಗೆ ಹೆಸರು ಕೇಳಬೇಡ.
ತುಟಿಗಳು ಅಲುಗುತ್ತಿದ್ದವು... ಅಷ್ಟೂ ಜನರ ತುಟಿ, ಒಟ್ಟಿಗೆ. ಓದುತ್ತಿದ್ದಾರೆ! ಇಷ್ಟು ವರ್ಷ ಬರೆದೆ, ಓದುವ ಮುಖ ಹೇಗಿರುತ್ತದೆಂದು ಇಂದೇ ಕಂಡೆ. ಪರದೆ ಬಿಟ್ಟು ಅವರನ್ನೇ ನೋಡಿದೆ, ಬಾಯಿ ತೆರೆದುಕೊಂಡು.
ಕರೆಂಟು ಹೋಯಿತು. ಉಳಿದದ್ದು ನಾಳೆ.

ಮಾರ್ಚ್ 15, ಮಧ್ಯಾಹ್ನ
ಇಂದು ಪಕ್ಕದ ಸೆಕ್ಷನ್ನಿನವರೂ ಬಂದಿದ್ದರು, ಗೋಡೆಗೊರಗಿ. ಕೊನೆಯ ದೃಶ್ಯ. ಮುದುಕಿ ದಡದಲ್ಲಿ.
ದೋಣಿ ನಿನಗಿರಲಿ, ದಡ ನನಗಿರಲಿ...
ಡಿಸ್ಕು ಕಚ್ಚಿಕೊಂಡಿತು. ಒರೆಸಿದರು, ಊದಿದರು, ಮತ್ತೆ ಹಾಕಿದರು. ಅಲ್ಲಿಗೇ ನಿಲ್ಲುತ್ತದೆ.
'ಅಯ್ಯೋ, ಆಮೇಲೆ ಏನಂತಾಳೆ?' ಟೈಪಿಸ್ಟಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು.
'ಯಾವನೋ ಇದನ್ನ ಬರೆದೋನು,' ಎಂದರು ಇನ್‌ಸ್ಪೆಕ್ಟರ್. 'ಸಿಕ್ಕಿದರೆ ಕೇಸ್ ಹಾಕಲೇಬೇಕು. ಹಾಕೋಕೆ ಮುಂಚೆ ಒಂದ್ಸಲ ಕೈ ಮುಗೀತೀನಿ ಕಣ್ರೀ.'
ಬಾಗಿಲಲ್ಲಿ ಭಾವ ತಲೆ ಅಲ್ಲಾಡಿಸುತ್ತಿದ್ದರು. ಬೇಡ, ಬೇಡ. ಅಷ್ಟೂ ಮುಖ ನಿಂತುಹೋದ ಪರದೆಯ ಕಡೆಗೇ. ತಡೆಯಲಾಗದೆ ನಾನೇ ಹೇಳಿಬಿಟ್ಟೆ:
'ನೀ ದಾಟುವವರೆಗೆ ನದಿ ಮೆಲ್ಲಗಿರಲಿ.'
ಅಷ್ಟೂ ಮುಖ ನನ್ನ ಕಡೆ ತಿರುಗಿತು.
ಈಗ ಹೊರಗೆ, ಬೆಂಚಿನ ಮೇಲೆ, ಭಾವನ ಪಕ್ಕದಲ್ಲೇ ಕೂರಿಸಿದ್ದಾರೆ. ಭಾವ ಬೈಯುತ್ತಲೂ ಇಲ್ಲ. 'ಮೆಲ್ಲಗಿರಲಿ... ಚೆನ್ನಾಗೈತೆ ಕಣೋ,' ಎನ್ನುತ್ತಿದ್ದಾರೆ. ಒಳಗೆ ಟೈಪಿಸ್ಟಮ್ಮ ಎರಡೂ ಸಾಲನ್ನು ಮಹಜರಿಗೆ ಸೇರಿಸುತ್ತಿರುವುದು ಕೇಳಿಸುತ್ತಿದೆ, ಗಟ್ಟಿಯಾಗಿ ಓದಿಕೊಂಡು. ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಕೇಸಿನ ಕಾಗದ. ಇನ್ನೊಂದು ಕೈಯನ್ನು ಎದೆಯ ಹತ್ತಿರ ತರುತ್ತಿದ್ದಾರೆ —