ಅಂಗಳಕ್ಕೆ ಸಿಮೆಂಟು ಬಿದ್ದ ಮೇಲೆ

ಮನೆ, ಮಹಡಿ ಕೋಣೆ
ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಪುಟ್ಟಿ ನಿದ್ದೆ ಮಾಡಲು ಬಿಡುತ್ತಾಳೋ ಇಲ್ಲವೋ? ಭಾವ ಅವಳನ್ನು ಇನ್ನೂ ಬಿಸಿ ಪಾತ್ರೆ ಹಿಡಿದ ಹಾಗೆಯೇ ಎತ್ತಿಕೊಳ್ಳುತ್ತಾರಾ?

ನಾವಿಲ್ಲಿ ಕ್ಷೇಮ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಮುಂದಿನ ತಿಂಗಳು ನೀನು ಬರುತ್ತೀಯೆಂದು ಅಪ್ಪನನ್ನು ಹಿಡಿಯುವವರಿಲ್ಲ. ಮಗುವಿನ ತಳ್ಳುಗಾಡಿ ಸಲೀಸಾಗಿ ಓಡಲಿ ಎಂದು, ಅಮ್ಮ ಗಿಡ ನೆಟ್ಟಿದ್ದ ಅಂಗಳಕ್ಕೆಲ್ಲ ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿಸಿದ್ದಾರೆ. ಕೆಳಗೆ ನಿನ್ನ ಕೋಣೆಯಲ್ಲಿ ತೊಟ್ಟಿಲೂ ಸಿದ್ಧ. ಪಾಪ, ಈಗ ಕಾಲು ಒರೆಸಿಕೊಂಡೇ ಅಂಗಳಕ್ಕಿಳಿಯುತ್ತಾರೆ.

ನನ್ನ ಕೆಲಸ ಗೊತ್ತಲ್ಲ, ಮಣ್ಣು ಪರೀಕ್ಷಾಲಯದ ವರದಿಗಳ ಭಾಷೆ ತಿದ್ದುವುದು. ಹೋದ ವಾರ ತಿದ್ದಿದ ಒಂದು ವರದಿ ತಲೆಯಿಂದ ಇಳಿಯುತ್ತಿಲ್ಲ. ಕಸ ತುಂಬಿ ಮುಚ್ಚಿದ ಹಳೆಯ ಗುಂಡಿಗಳಲ್ಲಿ ವರ್ಷಗಟ್ಟಲೆ ಹತ್ತಿ ಉರಿಯುವ ಅನಿಲ ಹುಟ್ಟುತ್ತಲೇ ಇರುತ್ತದಂತೆ. ಮಣ್ಣಿನ ಸಂದುಗಳಲ್ಲಿ ನುಸುಳಿ ಮೇಲೆ ಬಂದು ಗಾಳಿಯಲ್ಲಿ ಬೆರೆತುಹೋಗುತ್ತದೆ. ಮಳೆನೀರಿನ ಜೊತೆ ಇಳಿದ ನುಣ್ಣನೆಯ ಕಣಗಳು ಆ ಸಂದುಗಳನ್ನು ಮುಚ್ಚಿದರೆ, ಅಥವಾ ಮೇಲೆ ಯಾರಾದರೂ ಸಿಮೆಂಟು ಹಾಕಿದರೆ, ಅದು ಸುಮ್ಮನೆ ಕೂರುವುದಿಲ್ಲ. ಪಕ್ಕಕ್ಕೆ ಸರಿಯುತ್ತದೆ, ನೆಲ ಬಿರುಕುಬಿಟ್ಟ ಮನೆ ಸಿಕ್ಕರೆ ಒಳಗೆ ಏಳುತ್ತದೆ. ನಮ್ಮ ಗೋಡೆಯಾಚೆಯ ಆಟದ ಮೈದಾನ ಮೊದಲು ಏನಾಗಿತ್ತು, ನೆನಪಿದೆಯಲ್ಲ? ಮೂಗು ಮುಚ್ಚಿಕೊಂಡು ಶಾಲೆಗೆ ಓಡುತ್ತಿದ್ದೆವು.

ಅಪ್ಪನಿಗೆ ಅರ್ಧ ಹೇಳುವಷ್ಟರಲ್ಲಿ ನಕ್ಕುಬಿಟ್ಟರು. "ಮಣ್ಣು ಉಸಿರಾಡುತ್ತೆ ಅಂತೀಯ? ನಿನಗೆ ಸಾಹಿತ್ಯ ಓದಿಸಿದವನು ನಾನೇ, ಅನುಭವಿಸ್ಬೇಕು" ಎಂದರು. ನೀನಿಟ್ಟ ಅಡ್ಡಹೆಸರಿಗೆ ತಕ್ಕಂತೆ, ಉಳಿದರ್ಧ ನನ್ನಷ್ಟಕ್ಕೆ ಪಿಸುಗುಟ್ಟಿಕೊಳ್ಳುತ್ತಾ ಮಹಡಿ ಹತ್ತಿದೆ. ಮೊನ್ನೆ ಪರೀಕ್ಷಾಲಯದ ಮೇಡಂ ಹತ್ತಿರ ಅನಿಲ ಅಳೆಯುವ ಮೀಟರ್ ಕೇಳಿ ತಂದೆ. ನಿನ್ನ ಮಂಚದ ಕೆಳಗಿನ ಬಿರುಕಿಗೆ ಹಿಡಿದಾಗ ಮುಳ್ಳು ಅಲುಗಿತು. ಅಳತೆ ಹೇಳಿದಾಗ, ಬೆಂಕಿ ಹತ್ತುವಷ್ಟಿಲ್ಲ ಎಂದರು ಮೇಡಂ. ಆಮೇಲೆ, "ಆದ್ರೆ ಮಗು ಮಲಗೋ ಕೋಣೇಲಿ ಇಷ್ಟೂ ಇರಬಾರದು ಕಣಮ್ಮ. ಮೊದಲು ಆ ಸಿಮೆಂಟ್ ತೆಗೆಸು" ಎಂದರು. ಅಂದಿನಿಂದ ಆ ಕೋಣೆಯ ಕಿಟಕಿ ನಾನು ತೆರೆಯುತ್ತೇನೆ, ಸೊಳ್ಳೆ ಎಂದು ಅಪ್ಪ ಮುಚ್ಚುತ್ತಾರೆ. ಮತ್ತೆ ತೆರೆಯುತ್ತೇನೆ.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಅಂಗಾಲಿಗೆ ಮುತ್ತು.

ನಿನ್ನ
ಪಿಸುಗುಟ್ಟಿ

ತಾ.ಕ.: ಬರಬೇಡ ಅಕ್ಕಾ, ಟಿಕೆಟ್ ರದ್ದು ಮಾಡು. ಸಹಿ ಹಾಕಿ ಕೆಳಗಿಳಿದು, ಅಪ್ಪನ ಮುಂದೆ ಮೀಟರ್ ಇಟ್ಟು, ಹೀಗೆ ಬರೆಯುತ್ತೇನೆಂದು ಜೋರಾಗಿಯೇ ಹೇಳಿ ಬಂದೆ. ಈಗ ಮೆಟ್ಟಿಲಿಗೆ ಏನೋ ತಗಲುತ್ತಿರುವ ಸದ್ದು. ಅಪ್ಪ ಒಬ್ಬರೇ ತೊಟ್ಟಿಲು ಹೊತ್ತು ಮೇಲೆ ಬರುತ್ತಿದ್ದಾರೆ. ಇನ್ನೊಂದು ತುದಿ ಹಿಡಿಯಲು ಓಡುತ್ತೇನೆ. ಆದರೂ ಬರಬೇಡ. ಅಂಗಳಕ್ಕೆ ಹಾರೆ ಬಿದ್ದ ದಿನ ನಾನೇ ಬರೆಯುತ್ತೇನೆ.