ಜೆಟ್ಟಿಯ ಮೇಲಿನ ಬಿಳಿ ಸೀರೆ

೧ ನವೆಂಬರ್ ೨೦೧೨, ಗುರುವಾರ

ಬಿಪಿ ಮಾತ್ರೆ ನುಂಗಿದೆ. ಮೀನು ತೊಳೆದಿಟ್ಟೆ. ವಾಷಿಂಗ್ ಮೆಷಿನ್ ಎರಡನೇ ಸಲ ತಿರುಗುತ್ತಿದೆ. ಮಗಳು ಆನ್ಸಿಗೆ ಆಸ್ಪತ್ರೆಯಲ್ಲಿ ಮಾರ್ನಿಂಗ್ ಡ್ಯೂಟಿ, ಅಳಿಯ ವೇಯ್ನ್ ಬ್ಯಾಂಕಿಗೆ ಹೋಗಿಯಾಯಿತು. ಮೂರು ಗಂಟೆಯವರೆಗೆ ಗಲ್ಫಿನ ಬುಸೈತೀನಿನ ಈ ಫ್ಲ್ಯಾಟಿನಲ್ಲಿ ನಾನು ಮತ್ತು ಎಸಿ. ಮಗಳು, ಅಳಿಯ ಇಬ್ಬರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ಈ ಪುಸ್ತಕ ಬಚ್ಚಿಡುವ ಕೆಲಸವಿಲ್ಲ.

ನಿನ್ನೆ ಊಟಕ್ಕೆ ಕೂತಾಗ ವೇಯ್ನ್ ಸುದ್ದಿ ತೆಗೆದ.

"ಮಾಂಯ್, ನಮ್ಮ ಅಸೋಸಿಯೇಶನ್ದು ದೊಡ್ಡ ಪ್ರೋಗ್ರಾಮ್ ಉಂಟು ಈ ತಿಂಗಳು. ಹಳೆ ಕಾಲದ ಫ್ಯಾಶನ್ ಫೋಟೋದ ಎಕ್ಸಿಬಿಶನ್. ಬಾಂಬೆಯಿಂದ ಫೋಟೋಗ್ರಾಫರೇ ಬರ್ತಾರೆ, ಸನ್ಮಾನ ಎಲ್ಲ. ನಮ್ಮ ಊರಿನವರೇ, ಅಪೊಲಿನ್ ಅಂತ. ನೀವು ಸಹ ಬಾಂಬೆಯಲ್ಲೇ ಇದ್ದದ್ದಲ್ಲ, ಗೊತ್ತುಂಟಾ?"

"ಬಾಂಬೆ ಎಂತ ಸಣ್ಣ ಊರಾ?" ಎಂದೆ. ಮುಳ್ಳು ತೆಗೆಯುತ್ತಾ ಕೂತೆ. ಸಿಟ್ಟಿಗೆ ಮೀನು ಪುಡಿಪುಡಿಯಾಯಿತು.

ಮೂವತ್ತೆಂಟು ವರ್ಷ. ಇನ್ನೂ ಬದುಕಿದ್ದಾನೆ.

೨ ನವೆಂಬರ್, ಶುಕ್ರವಾರ

ಮನಾಮದ ಇಗರ್ಜಿಯಲ್ಲಿ ಬೆಳಗಿನ ಪೂಜೆ. ಪ್ರಾರ್ಥನೆಯಲ್ಲಿ ಕ್ಷಮಿಸುವ ಸಾಲು ಬಂದಾಗ ಬಾಯಿ ಮುಚ್ಚಿಕೊಂಡೆ. ಸುಳ್ಳು ಯಾಕೆ ಹೇಳಬೇಕು?

ಒಮ್ಮೆ ಬರೆದುಬಿಡುತ್ತೇನೆ. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

೧೯೭೪. ಬಾಂಬೆಯ ಫೋರ್ಟಿನ ಜಾಹೀರಾತು ಸ್ಟುಡಿಯೊ. ನನಗೆ ಇಪ್ಪತ್ತಮೂರು. ಮಿಲ್ ಸೀರೆಗಳ ಜಾಹೀರಾತಿಗೆ ಹೆಂಗಸರನ್ನು ಬರೆಯುವುದು ನನ್ನ ಕೆಲಸ — ತಲೆಯ ಒಂಬತ್ತು ಪಟ್ಟು ಉದ್ದದವರು, ಭೂಮಿಯ ಮೇಲೆ ಎಲ್ಲೂ ಇಲ್ಲದವರು. ಆಮೇಲೆ ಕ್ಯಾಮೆರಾ ಬಂತು. ಕ್ಲೈಂಟಿಗೆ ಚಿತ್ರ ಬೇಡ, ಫೋಟೋ ಬೇಕು. ಐದು ಆರ್ಟಿಸ್ಟರಲ್ಲಿ ಮೂವರು ಮನೆಗೆ ಹೋದರು. ನನ್ನನ್ನು ರಿಟಚಿಂಗಿಗೆ ಕೂರಿಸಿದರು. ಫೋಟೋ ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಲ್ಲಿ ಕಪ್ಪು, ಬಿಳಿ, ಬೂದು ಬಣ್ಣ ಹಚ್ಚಿ ಕೊಳಕು ಮುಚ್ಚುವುದು. ಸೊಂಟ ಸಣ್ಣ ಮಾಡು. ಕಂಕುಳ ಬೆವರು ತೆಗಿ. ನೆರಿಗೆ ನೆಟ್ಟಗೆ ಮಾಡು. ಮ್ಯಾಗಜಿನಿನಲ್ಲಿ ಅಚ್ಚಾದಾಗ ಎಲ್ಲವೂ ಕ್ಯಾಮೆರಾ ಕಂಡದ್ದೇ ಅನಿಸಬೇಕು. ಕೆಳಗೆ ಫೋಟೋಗ್ರಾಫರನ ಹೆಸರು. ರಿಟಚರಿಗೆ ಹೆಸರಿಲ್ಲ.

ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಬಿಳಿ ಸೀರೆಯ ಮಾಡೆಲಿನ ಫೋಟೋ ಅಪೊಲಿನ್ ತೆಗೆದದ್ದು. ಬಿಸಿಲು ನೇರ ಮುಖಕ್ಕೆ, ಸೀರೆ ಮುದ್ದೆ, ಮಾಡೆಲಿನ ಮುಖದಲ್ಲಿ ಜೀವವಿಲ್ಲ. ಹನ್ನೊಂದು ದಿನ ಕೂತೆ ಅದರ ಮೇಲೆ. ಸೆರಗನ್ನು ಗಾಳಿಗೆ ಹಾರಿಸಿದ್ದು ನಾನು. ಆ ದಿನ ಗಾಳಿಯೇ ಇರಲಿಲ್ಲ. ಆ ಫೋಟೋಗೆ ವರ್ಷದ ದೊಡ್ಡ ಪ್ರೈಜ್ ಬಂತು — ಅವನಿಗೆ. ಕ್ಲೊಟಿಲ್ಡಾ ಅಂತ ನನ್ನ ಹೆಸರೂ ಹಾಕಿ ಎಂದು ಮ್ಯಾನೇಜರ್ ಹತ್ತಿರ ಹೋದೆ. ಅವರು ಎಲ್ಲರೆದುರು ಅವನನ್ನೇ ಕೇಳಿದರು, ಈ ಹುಡುಗಿ ಹೇಳುವುದು ನಿಜವಾ ಎಂದು. ಅಪೊಲಿನ್ ಲೆನ್ಸ್ ಒರೆಸುತ್ತಾ ನಿಂತ. ಒಂದು ಮಾತಿಲ್ಲ. ಮುಂದಿನ ತಿಂಗಳು ನನ್ನ ಟೇಬಲ್ ಖಾಲಿ ಮಾಡಿಸಿದರು. ಸುಳ್ಳಿ ಎಂದು ಹೆಸರು ಬಿದ್ದ ಮೇಲೆ ಬೇರೆ ಸ್ಟುಡಿಯೊದವರೂ ಸೇರಿಸಲಿಲ್ಲ.

ಆಮೇಲೆ ಇಪ್ಪತ್ತು ವರ್ಷ ಸಾಂತಾಕ್ರೂಜಿನ ಟೈಲರ್ ಅಂಗಡಿಯಲ್ಲಿ ಬ್ಲೌಸಿನ ಕುತ್ತಿಗೆಯ ಡಿಸೈನ್ ಬರೆದೆ. ನನ್ನ ಆರ್ಟ್ ಅಷ್ಟಕ್ಕೇ ಮುಗಿಯಿತು.

೮ ನವೆಂಬರ್, ಗುರುವಾರ

ದೇವರೇ ತಂದುಕೊಟ್ಟ ಎನ್ನಬೇಕಾ, ಸೈತಾನನೇ ತಂದುಕೊಟ್ಟ ಎನ್ನಬೇಕಾ.

ಸಂಜೆ ವೇಯ್ನ್ ಒಂದು ದೊಡ್ಡ ಚಪ್ಪಟೆ ಪ್ಯಾಕೆಟ್ ಹಿಡಿದು ಬಂದ. ಅಸೋಸಿಯೇಶನಿನ ಬ್ಯಾಪ್ಟಿಸ್ಟ್ ಎಂಬವನು ಬಾಂಬೆಯಿಂದ ವಿಮಾನದಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದದ್ದಂತೆ.

"ಮಾಂಯ್, ಇದು ಮೇನ್ ಫೋಟೋ. ಮೂಲೆಗೆ ಫಂಗಸ್ ಹಿಡಿದಿದೆ. ನೀವು ಡ್ರಾಯಿಂಗ್ ಮಾಡ್ತೀರಲ್ಲ, ಸ್ವಲ್ಪ ಸರಿ ಮಾಡ್ಲಿಕ್ಕೆ ಆಗ್ತದಾ? ಕಂಪ್ಯೂಟರಿಗೆ ಹಾಕುದು ಬೇಡ, ಒರಿಜಿನಲ್ಲೇ ಬೇಕು ಹೇಳಿದ್ದಾರೆ ಅಪೊಲಿನ್ ಅಂಕಲ್."

ಬಿಚ್ಚಿದೆ. ಜೆಟ್ಟಿ. ಅದೇ ಪ್ರಿಂಟ್, ನನ್ನ ಮೇಜಿನ ಮೇಲೆ ಹನ್ನೊಂದು ದಿನ ಇದ್ದದ್ದೇ. ನನ್ನ ಬಣ್ಣ ಎಲ್ಲೂ ಬಿರಿದಿಲ್ಲ. ಒಂದೊಂದು ನೆರಿಗೆಯೂ ನಾನು ಬಿಟ್ಟ ಹಾಗೆಯೇ ನಿಂತಿದೆ. ಚೆನ್ನಾಗಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿದೆ. ಕೆಳಗೆ ಶಾಯಿಯಲ್ಲಿ ಅವನ ಸಹಿ, ಬಾಲ ಎಳೆದು.

"ಆಗ್ತದೆ," ಎಂದೆ. "ಇಟ್ಟು ಹೋಗು."

೯ ನವೆಂಬರ್, ಶುಕ್ರವಾರ

ಅವನ ಫೋನ್ ಬಂತು. ವೇಯ್ನ್ ಸ್ಪೀಕರಿಗೆ ಹಾಕಿದ. ನಾನು ಅಡುಗೆಮನೆಯ ಬಾಗಿಲಲ್ಲಿ. ಸ್ವರ ಮುದುಕನದು, ಆದರೂ ಗುರುತು ಸಿಕ್ಕಿತು.

"ಯಾರಪ್ಪ ಸರಿ ಮಾಡುದು?"

"ನಮ್ಮ ಮನೆಯಲ್ಲೇ ಒಬ್ಬರು ಇದ್ದಾರೆ ಅಂಕಲ್. ಕೈ ಒಳ್ಳೇದುಂಟು."

"ಆಕಾಶ, ಮೂಲೆ ಎಂತ ಬೇಕಾದ್ರೂ ಮಾಡ್ಲಿ. ಸೀರೆಗೆ ಮಾತ್ರ ಕೈ ಹಾಕುದು ಬೇಡ. ಸೀರೆ ಹೇಗುಂಟೋ ಹಾಗೇ ಇರ್ಬೇಕು. ಅಷ್ಟು ಹೇಳು ಅವರಿಗೆ."

ಕೇಳಿದಿರಾ? ಹೆದರಿದ್ದಾನೆ. ಕೆಲಸ ಗೊತ್ತಿದ್ದವರು ಹತ್ತಿರದಿಂದ ನೋಡಿದರೆ ಬ್ರಷ್ಷಿನ ಗುರುತು ಕಾಣುತ್ತದೆ, ಬಂಡವಾಳ ಬಯಲಾಗುತ್ತದೆ ಅಂತ. ಪಾಪ.

೧೦ ನವೆಂಬರ್, ಶನಿವಾರ

ನಿದ್ದೆಯಿಂದ ಎದ್ದವಳಿಗೆ ಉಪಾಯ ಸಿದ್ಧವಿತ್ತು. ನಾನು ಹಚ್ಚಿದ್ದು ಪೋಸ್ಟರ್ ಕಲರ್, ನೀರಿಗೆ ಕರಗುತ್ತದೆ. ನಲವತ್ತು ವರ್ಷವಾದರೂ ಕರಗುತ್ತದೆ. ಕೆಳಗಿನ ಫೋಟೋಗೆ ಏನೂ ಆಗುವುದಿಲ್ಲ. ಒದ್ದೆ ಹತ್ತಿ ಸಾಕು.

ನನ್ನ ಪಾಲು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಅವನ ಪಾಲು ಅವನಿಗೆ, ಫ್ರೇಮ್ ಹಾಕಿಸಿ, ಲೈಟ್ ಬಿಟ್ಟು, ಎಲ್ಲರೆದುರು. ಹಾಳಾಯಿತು ಎಂದು ಅವನು ಕೂಗುವ ಹಾಗಿಲ್ಲ. ಕೂಗಿದರೆ ಏನು ಹೋಯಿತು ಎಂದು ಬಾಯಿ ಬಿಟ್ಟು ಹೇಳಬೇಕಾಗುತ್ತದೆ.

ಮಗಳ ಡ್ಯೂಟಿ ನೋಡಿಕೊಂಡೆ. ಸೋಮವಾರ.

೧೨ ನವೆಂಬರ್, ಸೋಮವಾರ, ಬೆಳಗ್ಗೆ ೧೦.೪೦

ಆನ್ಸಿಯ ಡಬ್ಬದಿಂದ ಹತ್ತಿ. ಬೋಗುಣಿಯಲ್ಲಿ ಬಾಟಲಿ ನೀರು — ನಲ್ಲಿ ನೀರು ಉಪ್ಪು. ಮೊದಲು ಮೂಲೆಯ ಫಂಗಸ್ ಸರಿ ಮಾಡಿದೆ, ಆಕಾಶ ಚೊಕ್ಕ ಮಾಡಿದೆ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡದ್ದೇ.

ಆಮೇಲೆ ಪಾದದಿಂದ ಶುರು. ಎರಡೇ ಸಲ ಹತ್ತಿ ಆಡಿಸಿದೆ. ನಾನು ಬರೆದ ಬೆರಳು, ಕಾಲುಂಗುರ ಎಲ್ಲ ಹೋಯಿತು. ಕೆಳಗೆ ಹವಾಯಿ ಚಪ್ಪಲಿ. ಮರೆತೇಹೋಗಿತ್ತು. ಕಲ್ಲು ಸುಡುತ್ತದೆಂದು ಆ ಮಾಡೆಲ್ ಹುಡುಗಿ ಬಿಚ್ಚಲೇ ಇಲ್ಲವಂತೆ. ಒಬ್ಬಳೇ ಗಟ್ಟಿಯಾಗಿ ನಕ್ಕೆ.

೧೧.೩೦

ನೆರಿಗೆ ಮುಗಿಯಿತು. ಮುದ್ದೆ ಬಟ್ಟೆ, ಸೊಂಟದಲ್ಲಿ ಮೂರು ಸೇಫ್ಟಿಪಿನ್, ಬೆನ್ನಲ್ಲಿ ಬಟ್ಟೆ ಒಣಗಿಸುವ ಕ್ಲಿಪ್. ಮಡಿಲ ಮೇಲೆ ಅಡ್ಡಲಾಗಿ ನೆರಳು. ಅವನದೇ, ಮೊಣಕೈ ಎತ್ತಿ ಕ್ಯಾಮೆರಾ ಹಿಡಿದದ್ದು. ದೊಡ್ಡ ಫೋಟೋಗ್ರಾಫರ್. ತನ್ನ ನೆರಳು ತಾನೇ ನೋಡಿಕೊಳ್ಳಲಿಲ್ಲ.

ಮಾಡೆಲ್ ಸಹ ಆಕಳಿಸುತ್ತಿದ್ದಳು ಆಗ. ತುಟಿ ನಾನು ಮುಚ್ಚಿಸಿದ್ದೆ, ಅದೂ ಹೋಯಿತು.

೧೨.೧೦

ಸೆರಗು ಕೊನೆಗೆ ಇಟ್ಟುಕೊಂಡೆ. ಸ್ವಲ್ಪ ಹೊತ್ತು ನೋಡಿದೆ. ಇಪ್ಪತ್ತಮೂರರ ಕೈ ಅದು. ಒಂದು ಗೆರೆಯೂ ಅನುಮಾನಿಸಿಲ್ಲ. ಈಗ ನನಗೆ ಸೂಜಿಗೆ ದಾರ ಪೋಣಿಸಲೂ ಆನ್ಸಿ ಬೇಕು.

ಒರೆಸಿದೆ.

ಹತ್ತಿಯನ್ನೆಲ್ಲ ಕಮೋಡಿಗೆ ಹಾಕಿ ಎರಡು ಸಲ ಫ್ಲಶ್ ಮಾಡಿದೆ. ಮೀನು ಸಾರು ಇಟ್ಟೆ. ಬಹಳ ದಿನದ ಮೇಲೆ ಹಸಿವಾಯಿತು.

೧೪ ನವೆಂಬರ್, ಬುಧವಾರ

ಸಲ್ಮಾಬಾದಿಗೆ ಹೋಗಿ ಫ್ರೇಮ್ ಹಾಕಿಸಿದೆ. ವೇಯ್ನ್ ಕಾರಿನಲ್ಲೇ ಕೂತು ಫೋನಿನಲ್ಲಿ ಹಾಲ್ ಬುಕಿಂಗ್ ಗಲಾಟೆ ಮಾಡುತ್ತಿದ್ದ. ಒಳ್ಳೆಯದೇ ಆಯಿತು. ಫ್ರೇಮಿನವನು ಢಾಕಾದವನು, ಫೋಟೋ ತಿರುಗಿಸಿ ತಿರುಗಿಸಿ ನೋಡಿದ.

"ಅಮ್ಮಾ, ಚಪ್ಪಲ್ ಭೀ ಫ್ಯಾಶನ್ ಹೈ ಕ್ಯಾ?"

"ಹಾಂ," ಎಂದೆ. "ಬಂಬಯಿ ಕಾ ಫ್ಯಾಶನ್."

ಕಂದು ಕಾಗದದಲ್ಲಿ ಸುತ್ತಿಸಿ, ಟೇಪ್ ಹಾಕಿಸಿ ತಂದೆ. ಬಿಚ್ಚಿದರೆ ಧೂಳು ಕೂರುತ್ತದೆ ಎಂದು ವೇಯ್ನನಿಗೆ ಹೇಳಿದೆ. ಹೇಳಿದ್ದು ಕೇಳುವ ಹುಡುಗ. ಅವನ ಬಗ್ಗೆ ಮಾತ್ರ ಸ್ವಲ್ಪ ಸಂಕಟ. ಪ್ರೋಗ್ರಾಮಿನ ಸೆಕ್ರೆಟರಿ ಅವನೇ. ಆದರೆ ಈಗ ಹಿಂದೆ ಹೋಗುವಂತಿಲ್ಲ.

೨೧ ನವೆಂಬರ್, ಬುಧವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೂ ಇಲ್ಲ. ಬರೀ ಕಾಯುವುದು.

ಅವನು ಬಂದಿಳಿದ. ಹೋಟೆಲಿನಲ್ಲಿದ್ದಾನೆ. ಊಟಕ್ಕೆ ಮನೆಗೆ ಕರೆಯುವ ಎಂದ ವೇಯ್ನ್. ನನಗೆ ಮಂಡಿನೋವು, ಆಗುವುದಿಲ್ಲ ಎಂದೆ. ನನ್ನ ಕೈಯ ಅನ್ನ ಅವನಿಗೆ ಯಾಕೆ?

ಸಂಜೆ ಪ್ರೋಗ್ರಾಮಿನ ಹಾಲಿಗೆ ಹೋದೆ, ಮಂಡಿನೋವು ಆಗ ಇರಲಿಲ್ಲ. ನಾನೇ ನಿಂತು ಫ್ರೇಮನ್ನು ನಡುಗೋಡೆಗೆ ಹಾಕಿಸಿ, ಕಾಗದ ತೆಗೆದ ಕೂಡಲೇ ಸ್ಯಾಟಿನ್ ಬಟ್ಟೆ ಇಳಿಬಿಟ್ಟೆ. ನಾಳೆ ರಿಬ್ಬನ್ ಎಳೆದು ಉದ್ಘಾಟನೆ.

"ಮಮ್ಮಿ, ನಿಮಗೆ ಎಲ್ಲಿ ಸೀಟ್ ಇಡುದು?" ಆನ್ಸಿ ಕೇಳಿದಳು.

"ಎದುರಿನ ಸಾಲಲ್ಲಿ. ಅವರ ಮುಖ ಕಾಣ್ಬೇಕು ನನಗೆ."

"ಅಷ್ಟು ಇಷ್ಟನಾ ನಿಮಗೆ ಅವರು?" ಎಂದು ನಕ್ಕಳು.

೨೩ ನವೆಂಬರ್, ಶುಕ್ರವಾರ

ಪೂಜೆಗೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಆನ್ಸಿ ಕಾಫಿ ಬಾಗಿಲ ಹತ್ತಿರ ಇಟ್ಟು ಹೋದಳು.

ನಿನ್ನೆಯದನ್ನು ಸರಿಯಾಗಿ, ನಡೆದ ಹಾಗೆ ಬರೆಯಬೇಕು.

ಹಾಲ್ ತುಂಬಿತ್ತು. ಅವನು ಕೋಲು ಊರಿಕೊಂಡು ಬಂದ, ದಪ್ಪ ಕನ್ನಡಕ, ಕೋಟಿನ ಒಳಗೆ ಎಲುಬು. ಶಾಲು ಹೊದಿಸಿದರು. ನನ್ನನ್ನು ದಾಟಿ ಹೋದ, ಗುರುತು ಸಿಗಲಿಲ್ಲ. ಅಪೊಲಿನ್ ಮೈಕ್ ಹಿಡಿದು ಬಟ್ಟೆ ಮುಚ್ಚಿದ ಫ್ರೇಮಿನ ಕಡೆ ಕೋಲು ತೋರಿಸಿದ.

"ಇದಕ್ಕೆ ಪ್ರೈಜ್ ಸಿಕ್ಕಿದ್ದು ನನಗೆ. ಆದರೆ ಇದು ನನ್ನ ಕೆಲಸ ಅಲ್ಲ. ನಾನು ತೆಗೆದದ್ದು ಎಂತಕ್ಕೂ ಬೇಡದ ಫೋಟೋ. ಸೀರೆ ಇಡೀ ಬ್ರಷ್ಷಿಂದ ಮಾಡಿದ್ದು ನಮ್ಮ ಸ್ಟುಡಿಯೊದ ಒಬ್ಬ ಹುಡುಗಿ. ಕ್ಲೊಟಿಲ್ಡಾ ಅಂತ. ಮ್ಯಾನೇಜರ್ ನನ್ನನ್ನು ಕೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ಪ್ರೈಜ್ ಹೋಗ್ತದೆ ಅಂತ ಹೆದರಿಕೆ ನನಗೆ. ಅವಳ ಕೆಲಸ ಹೋಯ್ತು."

ಕೋಲು ಊರಿ ನಿಂತು ಮುಂದುವರಿಸಿದ.

"ಆಮೇಲೆ ತುಂಬ ಹುಡುಕಿದೆ, ಸಿಗ್ಲಿಲ್ಲ. ಸ್ಟುಡಿಯೊ ಮುಚ್ಚುವಾಗ ಎಲ್ಲ ಪ್ರಿಂಟ್ ಗುಜರಿಗೆ ಹೋಯ್ತು. ಇದೊಂದನ್ನು ಇಟ್ಟುಕೊಂಡೆ. ಅವಳ ಕೈ ಉಳಿದದ್ದು ಇಡೀ ಲೋಕದಲ್ಲಿ ಇದರಲ್ಲಿ ಮಾತ್ರ. ಹಾಗಾಗಿ ಸೀರೆ ಮುಟ್ಟುದು ಬೇಡ ಹೇಳಿದ್ದು. ಹತ್ತಿರ ಬಂದು ನೋಡಿ ನೀವೆಲ್ಲ. ಬ್ರಷ್ಷಿನ ಗೆರೆ ಕಾಣ್ತದೆ."

ನನಗೆ ಬಂದದ್ದು ಸಿಟ್ಟೇ. ಈಗಲೂ ಸಿಟ್ಟೇ. ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡವನಿಗೆ ಹದಿಮೂರು ದಿನ ಮೊದಲು ಬಾಯಿ ಬಿಡಲು ಏನಾಗಿತ್ತು? ಆ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಗಂಟಲು ಕಟ್ಟುತ್ತಿತ್ತಾ?

ಏಳಬೇಕೆಂದುಕೊಂಡೆ. ರಿಬ್ಬನ್ ಎಳೆಯಬೇಡಿ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಎಳೆದರು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ನೋಡಿ ನಕ್ಕರು. ಅಪೊಲಿನ್ ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ. ಬೆರಳಿನಿಂದ ಸೆರಗು ಇದ್ದ ಜಾಗ ಹುಡುಕಿದ. ಇನ್ನೊಮ್ಮೆ ಹುಡುಕಿದ.

ವೇಯ್ನ್ ಇದೊಂದನ್ನೂ ನೋಡಲಿಲ್ಲ. ಖುಷಿಯಲ್ಲಿ ಮೈಕ್ ಕಿತ್ತುಕೊಂಡ. "ಅಂಕಲ್, ಕ್ಲೊಟಿಲ್ಡಾ ಅಂದ್ರೆ ನಮ್ಮ ಮಾಂಯ್. ಬಾಂಬೆಯಲ್ಲಿ ಆರ್ಟಿಸ್ಟ್ ಇದ್ದದ್ದು. ಇಲ್ಲೇ ಕೂತಿದ್ದಾರೆ. ನಿಮ್ಮ ಈ ಫೋಟೋ ಸರಿ ಮಾಡಿದ್ದು ಸಹ ಅವರೇ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆನ್ಸಿ ಅಳುತ್ತಾ, ನಗುತ್ತಾ ನನ್ನ ತೋಳು ಹಿಡಿದು ಮೇಲೆ ಕರೆದುಕೊಂಡು ಹೋದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಅವನು ಫ್ರೇಮಿನಿಂದ ತಿರುಗಿ ನನ್ನನ್ನು ನೋಡಿದ. ಈಗ ಗುರುತು ಸಿಕ್ಕಿತು. ಬೈಯಲಿಲ್ಲ. ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದ:

"ಸೆರಗು ಸಹ ಒರೆಸಿದಿಯಾ?"

ವೇಯ್ನ್ ಮೈಕ್ ತಂದು ನನ್ನ ಕೈಗೆ ಕೊಟ್ಟ. ಎಲ್ಲರೂ ಕೂತರು. ನಾನು ಮೈಕಿನಲ್ಲೇ ಹೇಳಿದೆ, "ಸೆರಗು ಸಹ. ಒರೆಸಿದ್ದು ನಾನೇ."